ಜನಾಬಾಯಿಯ ಎರಡನೇ ಬುಟ್ಟಿ

ನಾನು ಜೀವಮಾನದಲ್ಲಿ ಮನಸಾರೆ ಹೊಟ್ಟೆಕಿಚ್ಚು ಪಟ್ಟದ್ದು ಒಬ್ಬಳೇ ಹೆಂಗಸಿನ ಮೇಲೆ. ಆಕೆ ಶ್ರೀಮಂತಳಲ್ಲ, ಓದಿದವಳಲ್ಲ, ನನ್ನ ಬಳಗದವಳೂ ಅಲ್ಲ. ನಿಪ್ಪಾಣಿಯ ಮೀನು ಬಜಾರದಲ್ಲಿ ಗೋಣಿತಟ್ಟು ಹಾಸಿಕೊಂಡು ಬಾಂಗಡೆ ಮಾರುತ್ತಿದ್ದ ಜನಾಬಾಯಿ ಆಕೆ. ನಾನು ಸಿದ್ದಲಿಂಗ, ಅದೇ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು, ಈಗ ಹೆಸರಿಗೆ ಮೊದಲು ಡಾಕ್ಟರ್ ಎಂದು ಬರೆದುಕೊಳ್ಳುವವನು. ಆ ಡಾಕ್ಟರ್ ಹೇಗೆ ಬಂತೆಂದು ಹೇಳಬೇಕಾದರೆ ಆಕೆಯ ಕತೆಯನ್ನೇ ಹೇಳಬೇಕು. ಬೇರೆ ಯಾರಾದರೂ ಹೇಳಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದರೇನೋ, ಅವರಿಗೆ ಆಕೆಯ ಮೇಲೆ ನನ್ನಷ್ಟು ಸಿಟ್ಟು ಇರುತ್ತಿರಲಿಲ್ಲ.

ಜನಾಬಾಯಿ ಹುಟ್ಟಿದ್ದು ಕಾಗವಾಡದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆತಾಯಿ ಇಬ್ಬರೂ ಪರರ ದ್ರಾಕ್ಷಿ ತೋಟದಲ್ಲಿ ಕೂಲಿ. ಹದಿನೈದಕ್ಕೆ ನಿಪ್ಪಾಣಿಯ ನಾಮದೇವನಿಗೆ ಕೊಟ್ಟರು. ಅವನು ಹಮಾಲಿ ಮಾಡುತ್ತಿದ್ದ, ಆಕೆ ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ಕೆಲಸಕ್ಕೆ ಹೋಗತೊಡಗಿದಳು. ಹದಿನೆಂಟು ವರ್ಷ ಆ ಘಾಟಿನಲ್ಲಿ ಸೀನುತ್ತ, ಕೆಮ್ಮುತ್ತ ಎಲೆ ಜರಡಿ ಹಿಡಿದಳು. ವಖಾರು ಮುಚ್ಚುವಾಗ ಕೆಲಸದವರಿಗೆ ಒಂದಿಷ್ಟು ಪರಿಹಾರ ಸಿಗುತ್ತದೆಂದು ಸುದ್ದಿಯಾಯಿತು. ಆಕೆಯೂ ಹೋಗಿ ಸಾಲಿನಲ್ಲಿ ನಿಂತಳು. ಹಾಜರಿ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿದ ಗುಮಾಸ್ತ, ಇಂಥ ಹೆಸರಿನವರು ಇಲ್ಲಿ ಯಾವತ್ತೂ ಕೆಲಸ ಮಾಡಿಲ್ಲ ಎಂದ. ಹದಿನೆಂಟು ವರ್ಷ ಯಾರೂ ಆಕೆಯ ಹೆಸರನ್ನು ಬರೆದೇ ಇರಲಿಲ್ಲ. ಈ ಮಾತನ್ನು ಆಕೆ ನನಗೆ ಒಂದಲ್ಲ, ನೂರು ಸಲ ಹೇಳಿದ್ದಾಳೆ.

ಆಮೇಲೆ ಅತ್ತೆ ಸುಂದ್ರವ್ವನ ಬುಟ್ಟಿ ಹೊತ್ತಳು. ಮೊದಲು ಒಣಮೀನು, ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆ. ರಸ್ತೆ ಸುಧಾರಿಸಿ ಕೊಂಕಣದಿಂದ ಘಟ್ಟ ಹತ್ತಿ ಐಸ್ ಹಾಕಿದ ಪೆಟ್ಟಿಗೆಗಳ ಗಾಡಿ ಬರತೊಡಗಿದ ಮೇಲೆ ಹಸಿ ಮೀನಿಗೆ ಕೈ ಹಚ್ಚಿದಳು. ಬೆಳಕು ಹರಿಯುವ ಹೊತ್ತಿಗೆ ಹೆದ್ದಾರಿಯಲ್ಲಿ ಪೆಟ್ಟಿಗೆ ಇಳಿಸಿಕೊಂಡು, ಎಂಟರೊಳಗೆ ಬಜಾರದಲ್ಲಿ ಅಂಗಡಿ ಹೂಡುತ್ತಿದ್ದಳು. ಸಮುದ್ರವನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ.

ನಾನೂ ನೋಡಿರಲಿಲ್ಲ, ಅದನ್ನು ಯಾರಿಗೂ ಹೇಳುತ್ತಿರಲಿಲ್ಲ ಅಷ್ಟೇ. ನಮ್ಮದು ಐಗಳಿಯ ಕಬ್ಬಿನ ಮನೆತನ. ಅವ್ವ ಶಿವಗಂಗವ್ವ ಕೋಳಿಮೊಟ್ಟೆಯ ಸಿಪ್ಪೆ ಅಂಗಳದಲ್ಲಿ ಬಿದ್ದರೂ ನೀರು ಹಾಕಿ ತೊಳೆಸುವವಳು. ಅಂಥ ಮನೆಯ ನಾನು ಸಮುದ್ರದ ಮೀನಿನ ಮೇಲೆ ಪಿಎಚ್‌ಡಿ ಮಾಡಲು ಹೊರಟೆ. ನನ್ನ ಗೈಡ್ ಹತ್ತಿರ ಖಾಲಿ ಇದ್ದ ವಿಷಯ ಅದೊಂದೇ: ಅರಬ್ಬೀ ಸಮುದ್ರ ಬೆಚ್ಚಗಾಗುತ್ತ ಹೋದಂತೆ ಬಾಂಗಡೆಗಳ ಸಂತಾನದ ಕ್ರಮ ಹೇಗೆ ಬದಲಾಗುತ್ತಿದೆ, ಯಾವ ತಿಂಗಳು ತತ್ತಿ ಕಟ್ಟುತ್ತವೆ, ಎಷ್ಟು ಉದ್ದವಾದಾಗ ಕಟ್ಟುತ್ತವೆ, ಗಂಡೆಷ್ಟು ಹೆಣ್ಣೆಷ್ಟು. ನೌಕರಿ ಬಿಟ್ಟು ಕರಾವಳಿಗೆ ಹೋಗುವಂತಿರಲಿಲ್ಲ. ಮೀನೇ ಬಜಾರಕ್ಕೆ ಬರುವಾಗ ಸಮುದ್ರಕ್ಕೆ ಯಾಕೆ ಹೋಗಬೇಕು ಎಂದುಕೊಂಡೆ.

೨೦೦೯ರ ಆಗಸ್ಟಿನ ಒಂದು ಭಾನುವಾರ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಆಕೆಯ ಮುಂದೆ ನಿಂತೆ.

"ಎಷ್ಟ ಕೊಡ್ಲಿರಿ?" ಎಂದಳು.

"ಇಪ್ಪತ್ತು. ಆರಿಸಿ ಕೊಡಬ್ಯಾಡ್ರಿ, ಕೈಗೆ ಬಂದದ್ದ ಹಾಕ್ರಿ."

"ಹುರಿಯಾಕೋ, ಸಾರಿಗೋ?"

"ನಾವು ತಿನ್ನೂದಿಲ್ಲ. ಕೊಯ್ದು ನೋಡಿ ಬರಕೊಳ್ಳೂದೈತಿ. ಮುಂದ ಅದು ಪುಸ್ತಕ ಆಗತೈತಿ."

"ಕೊಯ್ದ ಮ್ಯಾಲ ಮೀನಾ?"

"ಹುಗಸ್ತೇವಿ."

ಆಕೆ ಒಂದು ಕ್ಷಣ ನನ್ನ ಮುಖ ನೋಡಿದಳು. ಇಪ್ಪತ್ತು ಮೀನು ಎಣಿಸಿ ಚೀಲಕ್ಕೆ ಹಾಕಿದಳು. ಕೈ ಒರೆಸಿಕೊಂಡು ಕೇಳಿದಳು, "ಪುಸ್ತಕದಾಗ ನನ್ನ ಹೆಸರ ಹಾಕ್ತೀರೇನ್ರಿ ಸರ? ಮೀನಾ ನನ್ನವ ಅದಾವಲಾ."

ಹಾಕೋಣಂತ, ಅದಕ್ಕೇನು ಎಂದೆ. ಆಕೆಗೆ ಅದು ವಚನವಾಯಿತು. ನನಗೆ ಅದು ಚೀಲ ಎತ್ತಿಕೊಂಡು ಹೊರಡುವ ಮಾತಾಗಿತ್ತು.

ಹೀಗೆ ಮೂರು ವರ್ಷ ನಡೆಯಿತು. ಪ್ರತಿ ಭಾನುವಾರ ಇಪ್ಪತ್ತು ಮೀನು. ಮಳೆಗಾಲದಲ್ಲಿ ಮೀನುಗಾರಿಕೆಗೆ ಸರಕಾರದ ನಿಷೇಧ ಇರುವಾಗ ಮಾತ್ರ ರಜೆ. ಪ್ರಯೋಗಾಲಯದಲ್ಲಿ ಉದ್ದ ಅಳೆದು, ತೂಕ ಹಾಕಿ, ಹೊಟ್ಟೆ ಸೀಳಿ, ಒಳಗಿನ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುತ್ತಿದ್ದೆ. ಜವಾನ ಕಾಮಣ್ಣ ಅವನ್ನು ಪೇರಲ ಗಿಡದ ಬುಡದಲ್ಲಿ ಹುಗಿಯುತ್ತಿದ್ದ. ಮನೆಗೆ ಹೋದರೆ ಅವ್ವ ಬಚ್ಚಲು ತೋರಿಸುತ್ತಿದ್ದಳು, ಸ್ನಾನ ಆಗುವ ತನಕ ಕುಡಿಯಲು ನೀರೂ ಕೊಡುತ್ತಿರಲಿಲ್ಲ.

ಹೊಟ್ಟೆಕಿಚ್ಚು ಶುರುವಾದದ್ದು ಮೂರನೇ ತಿಂಗಳಿನಲ್ಲಿ. ಚೀಲ ಕೊಡುತ್ತ ಜನಾಬಾಯಿ, "ಇವತ್ತಿನವು ಭಾಳ ಮಂದಿ ಹಡದ ಬಂದಾವ್ರಿ ಸರ" ಎಂದಳು. ಅರ್ಧ ದಿನ ಕೂತು ನೋಡಿದೆ. ತತ್ತಿ ಹಾಕಿ ಬರಿದಾದ ಹೆಣ್ಣುಗಳೇ ಹೆಚ್ಚು. ನನಗೆ ಕತ್ತರಿ, ತಕ್ಕಡಿ, ಸೂಕ್ಷ್ಮದರ್ಶಕ, ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬೇಕಾಗಿತ್ತು. ಆಕೆ ಹೊಟ್ಟೆಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ್ದಳು, ಅಷ್ಟೇ. ಹತ್ತು ವರ್ಷ ಓದಿದ ನನಗೆ ಬರಬೇಕಾದ ವಿದ್ಯೆ ಈಕೆಗೆ ಯಾಕೆ ಬಂತು ಎಂದು ಮೈ ಪರಚಿಕೊಳ್ಳುವಂತಾಯಿತು.

ಒಂದು ದಿನ ಅಂದಳು, "ಮೊದಲ ಬಾಂಗಡಿ ಗೇಣುದ್ದ ಆಗೂತನಕ ಬಸುರ ಆಗ್ತಿರಲಿಲ್ರಿ. ಈಗ ಗೇಣಿಗೆ ಎರಡ ಬಟ್ಟ ಕಮ್ಮಿ ಇದ್ದಾಕೀನೂ ಬಸುರ. ದೊಡ್ಡವನ್ನೆಲ್ಲಾ ಬಲಿ ಬಳಕೊಂಡ ಹೋತಂದ್ರ ಸಣ್ಣವ ಏನ ಮಾಡ್ಬೇಕ, ಲಗೂನ ಹಡೀತಾವ." ಇನ್ನೊಂದು ದಿನ, "ತಾರ್ಲಿ ಮೀನಾ ಮೊದಲ ಹಬ್ಬಕ್ಕೊಮ್ಮಿ ಬರ್ತಿದ್ವು, ತೆಂಕಣ ಕಡೆಯವು. ಈಗ ಪೆಟಗಿ ಪೆಟಗಿ ಬರಾಕತ್ತಾವ. ನೀರ ಬಿಸಿ ಆಗಿ ಮ್ಯಾಲ ಸರದಾವಂತ ಗಾಡಿಯವ್ರು ಅಂತಾರ." ಮೀನಿನ ಜನಸಂಖ್ಯೆಯ ಬಗ್ಗೆ ದೊಡ್ಡ ದೊಡ್ಡ ವಿಜ್ಞಾನಿಗಳು ಹಡಗು ಕಟ್ಟಿಕೊಂಡು ಹೋಗಿ ಹೇಳುತ್ತಿದ್ದ ಮಾತುಗಳಿವು. ನಾನು ಮನೆಗೆ ಬಂದು ಎರಡನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆಕೆಯ ಹೆಸರು ಬರೆಯಲಿಲ್ಲ. ಮುಂದೆ ಒಂದು ಗೋಷ್ಠಿಯಲ್ಲಿ ಅವನ್ನೇ ನನ್ನ ಕ್ಷೇತ್ರ ವೀಕ್ಷಣೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ಆ ಬಸುರಿ ಮೀನುಗಳು ನನ್ನ ಚೀಲಕ್ಕೆ ಯಾಕೆ ಬೀಳುತ್ತಿಲ್ಲ ಎಂದು ಆಕೆಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಆಕೆಗೆ ನನಗಿಂತ ಹೆಚ್ಚು ಗೊತ್ತಿದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು.

ಆಕೆಯ ಮಗಳು ಸರಿತಾ ೨೦೧೧ರಲ್ಲಿ ನನ್ನ ಬಿಎಸ್ಸಿ ತರಗತಿಗೇ ಬಂದು ಕೂತಳು. ಪ್ರಾಕ್ಟಿಕಲ್ ದಿನ ಒಂದು ಬಾಂಗಡೆ ಕೈಗೆ ಕೊಟ್ಟರೆ, ಕತ್ತರಿ ಹಚ್ಚುವ ಮೊದಲೇ ಗಂಡು ಎಂದಳು. ಕೊಯ್ದರೆ ಗಂಡೇ. ಯಾರು ಕಲಿಸಿದರು ಎಂದು ಕೇಳಿದೆ. "ನಮ್ಮವ್ವ ರೀ" ಎಂದಳು. ಹುಡುಗರೆಲ್ಲ ನನ್ನ ಮುಖ ನೋಡಿದರು. ಆ ಸಲ ಆಕೆಗೆ ಎರಡು ಅಂಕ ಕಡಿಮೆ ಕೊಟ್ಟೆ. ಕಾರಣ ಕೇಳಿದ್ದರೆ ಚಿತ್ರ ನೀಟಾಗಿಲ್ಲ ಎನ್ನುತ್ತಿದ್ದೆ, ಆಕೆ ಕೇಳಲಿಲ್ಲ.

ಮೂರು ವರ್ಷದ ಲೆಕ್ಕ ಒಟ್ಟು ಮಾಡಿದಾಗ ನನಗೆ ಒಂದು ಅದ್ಭುತ ಕಾಣಿಸಿತು. ಬೇರೆ ತಿಂಗಳುಗಳಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ತತ್ತಿ ಕಟ್ಟುವ ನಾಲ್ಕು ತಿಂಗಳಲ್ಲಿ, ಏಪ್ರಿಲ್, ಮೇ, ಆಗಸ್ಟ್, ಸೆಪ್ಟೆಂಬರ್, ಐದು ಮೀನಿಗೆ ಒಂದೇ ಹೆಣ್ಣು. ಹೊಟ್ಟೆ ತುಂಬಿದ್ದಂತೂ ಇಲ್ಲವೇ ಇಲ್ಲ. ಎಲ್ಲಿ ಹೋದವು? ನಾನೊಂದು ಸಿದ್ಧಾಂತ ಕಟ್ಟಿದೆ. ಮೇಲಿನ ನೀರು ಬೆಚ್ಚಗಾದ್ದರಿಂದ ಬಸಿರಾದ ಹೆಣ್ಣುಗಳು ತಡೆಯಲಾರದೆ ಆಳದ ತಂಪಿಗೆ ಇಳಿಯುತ್ತವೆ, ಬಲೆಗೆ ಸಿಗುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನನ್ನ ಗೈಡ್. ಇದು ದೇಶದಲ್ಲೇ ಹೊಸ ಮಾತು ಎಂದು ಬೆನ್ನು ತಟ್ಟಿದರು. ನಾನು ಬಾಗಿಲಿಗೆ ಹಾಕುವ ಹಿತ್ತಾಳೆ ಫಲಕಕ್ಕೆ ದರ ಕೇಳಿ ಬಂದೆ.

ಥೀಸಿಸ್ ಒಪ್ಪಿಸುವ ಮೊದಲು ಗೈಡ್ ಒಬ್ಬ ವಿಜ್ಞಾನಿಯನ್ನು ಕರೆಸಿದರು. ಡಾ. ನೀಲಮ, ಕರಾವಳಿಯ ಸಂಶೋಧನಾ ಕೇಂದ್ರದಲ್ಲಿ ಕೆಲಸ, ಮನೆ ಮಾತು ಮರಾಠಿ, ಹುಟ್ಟಿದಂದಿನಿಂದ ಮೀನು ತಿಂದವರು. ಇಡೀ ಥೀಸಿಸ್ ಓದಿದರು. ಮೀನು ಎಲ್ಲಿಂದ ತಂದಿರಿ, ಜಾಗ ನೋಡಬೇಕಲ್ಲ ಎಂದರು. ೨೦೧೨ರ ಸೆಪ್ಟೆಂಬರಿನ ಭಾನುವಾರ ಬಜಾರಕ್ಕೆ ಕರೆದುಕೊಂಡು ಹೋದೆ.

ಅವರು ಜನಾಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತರು, ಎರಡು ಮೀನು ಮುಟ್ಟಿ ನೋಡಿದರು, ಸಹಜವಾಗಿ ಕೇಳಿದರು, "ಮಾವಶಿ, ಗಾಬೋಳಿ ಇಲ್ಲೇನ್ರಿ?"

ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ, ಗಾಬೋಳಿ ಎಂದರೆ ಮೀನಿನ ಹೊಟ್ಟೆಯೊಳಗಿನ ತತ್ತಿಯ ಗಂಟು. ಮೀನು ತಿನ್ನುವ ಮನೆಗಳಲ್ಲಿ ಅದಕ್ಕೆ ಎಂಥ ಬೆಲೆ ಎನ್ನುವುದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ.

"ಮನ್ಯಾಗ ಯಾರರೇ ಬಸುರಿ, ಬಾಣಂತಿ ಅದಾರೇನವ್ವಾ?" ಎಂದು ಜನಾಬಾಯಿ ತಿರುಗಿ ಕೇಳಿದಳು. "ಯಾಕಂದ್ರ ಅವ್ರ ಮನಿಗಿ ಮೊದಲ. ಉಳದ್ರ ಬ್ಯಾರೆದವ್ರಿಗಿ." ಮಗ್ಗುಲಲ್ಲಿ, ಒದ್ದೆ ಗೋಣಿ ಮುಚ್ಚಿದ್ದ ಇನ್ನೊಂದು ಬುಟ್ಟಿಯನ್ನು ಮುಂದಕ್ಕೆಳೆದಳು.

ಆ ಬುಟ್ಟಿ ನನಗೆ ಅಪರಿಚಿತವಲ್ಲ. ಮೂರು ವರ್ಷ ಚಿಲ್ಲರೆ ಹುಡುಕುವಾಗ ನನ್ನ ಚೀಲ ಇಡುತ್ತಿದ್ದುದು ಅದರ ಮೇಲೆಯೇ. ಗೋಣಿ ಸರಿಸಿದರೆ ಒಳಗೆ ಹೊಟ್ಟೆ ಉಬ್ಬಿದ ಬಾಂಗಡೆಗಳು, ಸಾಲಾಗಿ. ನೀಲಮ ಎಣಿಸಿದರು, ನಲವತ್ತೊಂದು. ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು, "ಸಿದ್ದಲಿಂಗ ಅವರೇ, ನಿಮ್ಮ ಹೆಣ್ಣುಗಳು ಆಳಕ್ಕೆ ಇಳಿದಿಲ್ಲ." ಅವು ನಿಪ್ಪಾಣಿಯ ಅಡುಗೆಮನೆಗಳಿಗೆ ಹೋಗಿದ್ದವು. ದೇಶದಲ್ಲೇ ಹೊಸದಾದ ನನ್ನ ಸಿದ್ಧಾಂತ ಬಸುರಿಯರ ತಾಟಿನಲ್ಲಿ ಖರ್ಚಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಆರಿಸಬ್ಯಾಡ್ರಿ ಅಂತ ಮೊದಲ ದಿನಾನ ಹೇಳಿರಲಿಲ್ಲೇನು?" ಎಂದೆ.

"ನಿಮಗ ಕೊಡೂ ಮುಂದ ಆರಿಸಿಲ್ರಿ ಸರ" ಎಂದಳು ಆಕೆ ನೆಮ್ಮದಿಯಿಂದ. "ಪೆಟಗಿ ಒಡದ ಕೂಡ್ಲೆ ಇವು ಬ್ಯಾರೆ ಆಗ್ತಾವ. ನಮ್ಮತ್ತಿ ಕಾಲದಿಂದ ಹಂಗ ಐತಿ. ಒಂದೆರಡ ಸಲ ನಿಮಗೂ ಹಾಕಬೇಕಂದ್ನಿ. ಆದ್ರ ನೀವು ತಿನ್ನೂದಿಲ್ಲ, ಹುಗಸ್ತೀರಿ. ಹೊಟ್ಟಿ ತುಂಬಿದ್ದನ್ನ ಮಣ್ಣಾಗ ಹೆಂಗ ಹಾಕಸ್ಲಿರಿ?"

ಮೀನು ತಿನ್ನುವ ಯಾವ ಮನೆಯ ಕೂಸಾದರೂ ಮೊದಲ ದಿನವೇ ಎರಡನೇ ಬುಟ್ಟಿ ಎಲ್ಲಿದೆ ಎಂದು ಕೇಳುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಾನಂತೂ ಬಾಯಿಗೆ ಹಾಕಿಕೊಳ್ಳದೇ ಇದ್ದದ್ದಕ್ಕೆ ಕೆಟ್ಟೆ.

ನೀಲಮ ಒಂದು ದಾರಿ ತೋರಿಸಿದರು. ಇನ್ನೂ ಎರಡು ವರ್ಷ, ಎರಡೂ ಬುಟ್ಟಿಗಳಿಂದ ಮಾದರಿ, ಪೆಟ್ಟಿಗೆ ಒಡೆಯುವಾಗಲೇ ಎಣಿಕೆ. ಹಾಗೆ ಮಾಡಿದರೆ ಥೀಸಿಸ್ ಉಳಿಯುತ್ತದೆ, ಇಲ್ಲದಿದ್ದರೆ ಪೇರಲ ಗಿಡದ ಬುಡಕ್ಕೆ. ಜನಾಬಾಯಿ ಒಪ್ಪಿದಳು, ಒಂದು ಕರಾರಿನ ಮೇಲೆ. ಹೊಟ್ಟೆ ತುಂಬಿದ ಮೀನನ್ನು ಕಾಲೇಜಿಗೆ ಒಯ್ಯುವಂತಿಲ್ಲ. ಅಲ್ಲೇ ಕೂತು ಸೀಳಿ, ಅಳೆದು, ತೂಗಿ, ಸಾಸಿವೆ ಕಾಳಿನಷ್ಟು ತತ್ತಿಯನ್ನು ಸೀಸೆಗೆ ಹಾಕಿಕೊಂಡು ಉಳಿದದ್ದನ್ನು ವಾಪಸು ಬುಟ್ಟಿಗಿಡಬೇಕು. ಬಸುರಿಯರ ಪಾಲು ಬಸುರಿಯರಿಗೆ ಹೋಗಬೇಕು. "ಮತ್ತ ಹೆಸರಿಂದು ನೆನಪೈತಲ್ರಿ ಸರ?" ಎಂದೂ ಸೇರಿಸಿದಳು. ನೀಲಮ ನಡುವೆ ಬಂದು, "ಹಾಕದೆ ಏನು, ಎಲ್ಲರಿಗಿಂತ ಮೊದಲು ಹಾಕಬೇಕು" ಎಂದರು.

ಹೀಗೆ ಐಗಳಿಯ ಸಿದ್ದಲಿಂಗ ಎರಡು ವರ್ಷ ನಿಪ್ಪಾಣಿಯ ಮೀನು ಬಜಾರದಲ್ಲಿ ಒಂದು ಮಣೆಯ ಮೇಲೆ ಕೂತ. ವಿದ್ಯಾರ್ಥಿಗಳ ತಾಯಂದಿರು ಬರುತ್ತಿದ್ದರು, ನನ್ನನ್ನು ಕಂಡು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಗಿರಾಕಿಯೊಬ್ಬ ಕೇಳಿಯೇ ಬಿಟ್ಟ, "ಮಾವಶಿ, ಹೊಸಾ ಆಳ ಇಟಗೊಂಡಿಯೇನ?"

"ಆಳ ಅಲ್ಲೋ, ನಮ್ಮ ಸರ. ಪುಸ್ತಕ ಬರ್ಯಾಕತ್ತಾರ. ಅದರಾಗ ನನ್ನ ಹೆಸರ ಬರತೈತಿ."

ಇದನ್ನು ಆಕೆ ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದಳು. ವಖಾರಿನ ಹಾಜರಿ ಪುಸ್ತಕದ ಕತೆಯಿಂದ ಶುರು ಮಾಡಿ ನನ್ನ ಥೀಸಿಸ್ಸಿಗೆ ತಂದು ಮುಗಿಸುತ್ತಿದ್ದಳು. ಕೇಳಿ ಕೇಳಿ ನನಗೆ ಅದು ನನ್ನ ಥೀಸಿಸ್ ಅಲ್ಲವೇನೋ ಅನಿಸತೊಡಗಿತು.

ಪಕ್ಕದಲ್ಲಿ ಕೂತು ನೋಡಿದಷ್ಟೂ ಹೊಟ್ಟೆ ಉರಿ ಹೆಚ್ಚಿತೇ ವಿನಾ ಕಡಿಮೆಯಾಗಲಿಲ್ಲ. ಊರಿನಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾರಿಗೆ ಹಾಲು ಸಾಲುತ್ತಿಲ್ಲ ಎಲ್ಲವೂ ಆಕೆಯ ತಲೆಯಲ್ಲಿತ್ತು. ಯಾವ ಮನೆಗೆ ಎಷ್ಟು ಗಾಬೋಳಿ ಎಂದು ತಪ್ಪದೆ ಎತ್ತಿಡುತ್ತಿದ್ದಳು, ಅದಕ್ಕೆ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ಹೆಂಗಸರು ಆಕೆಯ ಕೈ ಹಿಡಿದು ಮಾತಾಡಿಸುತ್ತಿದ್ದರು. ನನ್ನನ್ನು ಇಪ್ಪತ್ತು ವರ್ಷದ ಮಾಸ್ತರಿಕೆಯಲ್ಲಿ ಯಾರೂ ಹಾಗೆ ಮಾತಾಡಿಸಿಲ್ಲ. ನೀಲಮ ಕೂಡ ನನಗೆ ಫೋನು ಮಾಡುವುದು ಬಿಟ್ಟು ಸರಿತಾಳ ಮೊಬೈಲಿಗೆ ಮಾಡುತ್ತಿದ್ದರು. "ಮಾವಶಿ, ಈ ವಾರ ಹೆಂಗದಾವು?" ಎಂದು ಕೇಳುತ್ತಿದ್ದರು. ನನಗೆ ಬರಬೇಕಾದ ಫೋನು ಅದು.

ಲೆಕ್ಕ ಬಂತು. ಗಂಡು ಹೆಣ್ಣು ಸರಿಸಮ. ಹೆಣ್ಣುಗಳು ಮೊದಲ ಸಲ ತತ್ತಿ ಕಟ್ಟುವ ಉದ್ದ, ಹಳೆಯ ದಾಖಲೆಗಳಿಗಿಂತ ಎರಡು ಬೆರಳಷ್ಟು ಕಡಿಮೆ. ಬಹಳಷ್ಟು ಮೀನು ನಿಷೇಧ ಶುರುವಾಗುವ ಮೊದಲೇ ಹೊಟ್ಟೆ ತುಂಬಿಕೊಂಡು ಬಲೆಗೆ ಬೀಳುತ್ತಿವೆ, ಅಂದರೆ ಅವುಗಳನ್ನು ಕಾಯಲೆಂದೇ ಮಾಡಿದ ನಿಷೇಧ ಬಾಗಿಲು ಹಾಕುವ ಹೊತ್ತಿಗೆ ಅವು ಮಾರಾಟವಾಗಿ ಹೋಗಿರುತ್ತವೆ. ಈ ಕೊನೆಯ ಮಾತನ್ನೂ ಜನಾಬಾಯಿ ಮೊದಲೇ ಆಡಿದ್ದಳು: "ಸರಕಾರದ ಬಂದಿ ತಡಾ ಆಗಾಕತ್ತೈತ್ರಿ, ಮೀನಾ ಕಾಯೂದಿಲ್ಲ." ಆರು ವರ್ಷ, ಸಾವಿರಾರು ಮೀನು, ಇನ್ನೂರು ಪುಟ. ಬಂದು ಮುಟ್ಟಿದ್ದು ಆಕೆಯ ಮೂರು ವಾಕ್ಯಗಳಿಗೆ.

೨೦೧೫ರಲ್ಲಿ ಕೊನೆಯ ಕರಡು ಓದಿದ ನೀಲಮ ನಕ್ಕರು. "ಖರೆ ಹೇಳಬೇಕಂದ್ರೆ ಇದು ಜನಾಬಾಯಿಯ ಥೀಸಿಸ್. ನೀವು ಇಂಗ್ಲಿಷಿಗೆ ಇಳಿಸಿದ್ದೀರಿ, ಅಷ್ಟೇ." ತಮಾಷೆಗೆ ಆಡಿದ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನು, ಅದು ನನಗೆ ತಮಾಷೆಯಾಗಿ ಕೇಳಲಿಲ್ಲ.

ಕೃತಜ್ಞತೆಯ ಪುಟದ ಮೊದಲ ಸಾಲಿನಲ್ಲಿ ಆಕೆಯ ಹೆಸರಿತ್ತು. ನಾನೇ ಬರೆದಿದ್ದೆ. ಬೈಂಡಿಂಗ್ ಅಂಗಡಿಯಲ್ಲಿ ಮುದ್ರಣಕ್ಕೆ ಮೊದಲು ಅದನ್ನೊಮ್ಮೆ ಓದಿದೆ. ಮೊದಲ ಸಾಲಿನಲ್ಲಿ ಆಕೆ, ನನ್ನ ಹೆಸರು ಪುಟದ ತಳದಲ್ಲಿ. ಈ ಸಾಲು ತೆಗೆದುಬಿಡಿ ಎಂದು ಅಂಗಡಿಯ ಪಾರಿಸನಿಗೆ ಹೇಳಿದೆ. "ಯಾಕ್ರಿ ಸರ?" ಎಂದ. ಪುಟ ಉದ್ದ ಆಗತೈತಿ ಎಂದೆ. ಅವನು ತೆಗೆದ. ಗೈಡ್ ಉಳಿದರು, ನೀಲಮ ಉಳಿದರು, ಅವ್ವ ಉಳಿದಳು, ಮೀನು ಹುಗಿದ ಕಾಮಣ್ಣನೂ ಉಳಿದ. ಆರು ವರ್ಷ ಉರಿದ ಹೊಟ್ಟೆಗೆ ಒಂದು ಚೊಂಬು ನೀರು ಬಿದ್ದಂತಾಯಿತು. ಆ ತಂಪು ನನಗೆ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ.

ಪದವಿ ಬಂದ ವಾರ ಸರಿತಾ ಕಾಲೇಜಿಗೆ ಬಂದಳು. ಆಗ ಆಕೆ ಎಂಎಸ್ಸಿ ಓದುತ್ತಿದ್ದಳು. "ಅವ್ವ ಪುಸ್ತಕಾ ತಗೊಂಡ ಮನಿಗಿ ಬರ್ರಿ ಅಂದಾಳ್ರಿ ಸರ" ಎಂದಳು. ಒಂದೇ ಪ್ರತಿ ಇದೆ, ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ ಎಂದೆಲ್ಲ ನೆವ ಹುಡುಕಿದೆ. ಪ್ರತಿ ನನ್ನ ಮೇಜಿನ ಮೇಲೆಯೇ ಇತ್ತು.

ಹೋದೆ. ಆ ಎರಡು ಕೋಣೆಯ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿದ್ದರು, ಕೆಲವರ ಕಂಕುಳಲ್ಲಿ ಕೂಸು. ನಾಮದೇವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬುದ್ಧನ ಪಟದ ಕೆಳಗೆ ಕುರ್ಚಿ ಇಟ್ಟು ನನ್ನನ್ನು ಕೂರಿಸಿದ. ಜನಾಬಾಯಿ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದಳು. ಮೂಸಿ ನೋಡಿಕೊಂಡು ಇನ್ನೊಮ್ಮೆ ತೊಳೆದಳು. "ಪುಸ್ತಕಕ್ಕ ಮೀನಾ ನಾರಬಾರ್ದಲ್ರಿ" ಎಂದು ಎರಡೂ ಕೈಯಿಂದ ಅದನ್ನು ತೆಗೆದುಕೊಂಡಳು. ಮಗಳ ಮುಂದೆ ಹಿಡಿದು, "ಓದ" ಎಂದಳು.

ಸರಿತಾ ಕೃತಜ್ಞತೆಯ ಪುಟ ತೆಗೆದಳು. ಮೊದಲ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು, ಉಳಿದ ಹೆಸರುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತ ಹೋದಳು. ಕಾಮಣ್ಣ ಎಂದಾಗ ಜನಾಬಾಯಿಗೆ ಸಂತೋಷವಾಯಿತು. "ಪಾಪ, ಅವನ ಹೆಸರೂ ಹಾಕ್ಯಾರ ನೋಡ್ರಿ" ಎಂದು ಪಕ್ಕದವರಿಗೆ ಹೇಳಿದಳು. ಸರಿತಾ ಪುಟದ ಕೊನೆಗೆ ಬಂದಳು. ಮತ್ತೆ ಮೇಲಿನಿಂದ ಕಣ್ಣಾಡಿಸಿದಳು. ಪುಟ ತಿರುವಿದಳು, ಹಿಂದಕ್ಕೆ ತಿರುವಿದಳು. ನನಗೆ ಆಕೆಯ ಮುಖ ಕಾಣುತ್ತಿತ್ತು. ನಾನು ಎದ್ದು ನಿಂತು ತಪ್ಪಾಯಿತು ಎನ್ನಬಹುದಿತ್ತು, ಕುರ್ಚಿ ಬಿಟ್ಟು ಏಳಲಿಲ್ಲ.

"ನಂದ ಎಲ್ಲೈತಿ?" ಎಂದಳು ಜನಾಬಾಯಿ.

ಸರಿತಾ ತಾಯಿಯ ಬೆರಳು ಹಿಡಿದು ಮೊದಲ ಸಾಲಿನ ಮೇಲೆ ಇಟ್ಟಳು. ಅಲ್ಲಿದ್ದುದು ನನ್ನ ಗೈಡ್ ಹೆಸರು. "ಇಲ್ಲೈತಿ ನೋಡವ್ವಾ. ಎಲ್ಲಾರಕಿಂತ ಮೊದಲ."

ಜನಾಬಾಯಿ ಆ ಸಾಲನ್ನು ಎಡದಿಂದ ಬಲಕ್ಕೆ ಸವರಿದಳು. ಓಣಿಯ ಹೆಂಗಸರು ಬಗ್ಗಿ ನೋಡಿದರು, ನಾಮದೇವ ಕಣ್ಣು ಒರೆಸಿಕೊಂಡ. ಸರಿತಾ ತಲೆ ಎತ್ತಿ ನನ್ನನ್ನೇ ನೋಡುತ್ತ ಕೇಳಿದಳು, "ಹೌದಲ್ರಿ ಸರ?"

ನಾನು ಹೌದು ಎಂದೆ.